ಅಜ್ಜ ಯಂತ್ರಕ್ಕೆ ಹೇಳಿದ್ದು

ನನಗೆ ಆ ಕೆಲಸ ಸಿಕ್ಕಿದ್ದು ಓದಿನ ಬಲದಿಂದಲ್ಲ, ನಾಲಿಗೆಯ ಬಲದಿಂದ. ಕೊಲ್ಹಾಪುರದ ಒಂದು ಸಂಶೋಧನಾ ತಂಡಕ್ಕೆ ಮರಾಠಿಯೂ ಕನ್ನಡವೂ ಬರುವ, ಮನೆ ಮನೆ ತಿರುಗಲು ಬೇಸರಿಸದ ಹೆಂಗಸೊಬ್ಬಳು ಬೇಕಾಗಿದ್ದಳು. ಎರಡು ಭಾಷೆಗಳೂ ನನಗೆ ಹುಟ್ಟಿನಿಂದ ಬಂದವು. ತಿರುಗಲು ಬೇಸರವಿಲ್ಲ ಎಂದದ್ದು ಮಾತ್ರ ಶುದ್ಧ ಸುಳ್ಳು. ಸರಕಾರಿ ಎಸ್ಟಿ ಬಸ್ಸಿನಲ್ಲಿ ಹತ್ತು ನಿಮಿಷ ಕೂತರೆ ನನ್ನ ಸಿಟ್ಟು ನೆತ್ತಿಗೇರುತ್ತದೆ.

ತಂಡದ ಮುಖ್ಯಸ್ಥೆಯನ್ನು ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಮನೆಯೊಳಗೆ ಒಂದು ರೋಬೋಟನ್ನು ಬಿಟ್ಟು, ಮನೆಯ ಹಿರಿಯರ ಮಣಿಕಟ್ಟಿಗೆ ಆರೋಗ್ಯ ಗಮನಿಸುವ ಪಟ್ಟಿ ಕಟ್ಟಿದರೆ ಜನ ಅವುಗಳ ಜೊತೆ ಹೇಗೆ ಬಾಳುತ್ತಾರೆ ಎಂಬುದು ಅವರ ಕುತೂಹಲ. ಪಟ್ಟಿ ನಾಡಿ, ನಿದ್ದೆ, ನಡಿಗೆಗಳನ್ನು ನೋಡಿಕೊಳ್ಳುತ್ತಿತ್ತು. ರೋಬೋಟ್ ಮೊಣಕಾಲೆತ್ತರದ್ದು. ಕೆಳಗೆ ಗಾಲಿ, ಮೇಲೆ ಗಾಜಿನ ಮುಖ, ಆ ಮುಖದಲ್ಲಿ ಎರಡು ಕಣ್ಣು, ಮಾತಾಡುವಾಗ ತೆರೆದು ಮುಚ್ಚುವ ಒಂದು ಬಾಯಿ. ದಿನಾ ಬೆಳಿಗ್ಗೆ ಅದು ಹಿರಿಯರ ಎದುರು ಬಂದು ನಿಂತು ಮರಾಠಿಯಲ್ಲಿ ಮೂರು ಪ್ರಶ್ನೆ ಕೇಳಬೇಕು: ನಿದ್ದೆ ಬಂತೇ, ಎಲ್ಲಾದರೂ ನೋವಿದೆಯೇ, ಗುಳಿಗೆ ತೆಗೆದುಕೊಂಡಿರಾ. ಆ ಐದು ನಿಮಿಷದ ಚಿತ್ರ ನಮ್ಮ ಕಚೇರಿಗೆ ಬರುತ್ತಿತ್ತು. ಅದನ್ನು ನೋಡಿ ಫಾರ್ಮು ತುಂಬುವುದು ನನ್ನ ಕೆಲಸ. ಉತ್ತರ ಕೊಟ್ಟರು, ಕೊಡಲಿಲ್ಲ, ನಕ್ಕರು, ಎದ್ದು ಹೋದರು. ಬೈದರೆ ಬರೆಯಲು ಬೇರೆ ಕಾಲಂ ಬೇಕು ಎಂದು ನಾನೇ ಹಟ ಹಿಡಿದು ಹಾಕಿಸಿದ್ದೆ. ಅದು ದಿನಾ ತುಂಬುತ್ತಿತ್ತು.

ಆ ದಿನಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ಕೊಲ್ಹಾಪುರದ ಜೈನ ವ್ಯಾಪಾರಿಯೊಬ್ಬರ ಮನೆಯ ಅಜ್ಜಿ ಬೆಳಿಗ್ಗೆ ಸಾಮಾಯಿಕದ ಧ್ಯಾನಕ್ಕೆ ಕೂತರೆ ಮುಕ್ಕಾಲು ಗಂಟೆ ಅಲುಗಾಡುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಅಲುಗಾಡದ ಮುದುಕಿಯನ್ನು ಕಂಡು ರೋಬೋಟಿಗೆ ದಿಗಿಲು. ಅದು ಅಜ್ಜಿಯ ಸುತ್ತ ತಿರುಗಿ, ಕೇಳಿದ್ದನ್ನೇ ಕೇಳಿ, ಕೊನೆಗೆ ಮಗನ ಅಂಗಡಿಗೆ ಸಂದೇಶ ಕಳಿಸಿತು. ಮಗ ಗಲ್ಲಾ ಬಿಟ್ಟು ಓಡಿ ಬಂದರೆ ಅಜ್ಜಿ ಕಣ್ಣು ಮುಚ್ಚಿ ಕೂತೇ ಇದ್ದಳು. ವ್ರತ ಮುಗಿದ ಮೇಲೆ ನನಗೆ ಫೋನು ಬಂತು. "ನಿಮ್ಮ ಈ ಕೂಸಿಗೆ ಮೊದಲ ಸುಮ್ನ ಕುಂದ್ರೂದು ಕಲಸ್ರಿ," ಎಂದಳು ಅಜ್ಜಿ.

ಗಡಹಿಂಗ್ಲಜದ ಕಬ್ಬಿನ ಹೊಲದವರು ಖಂಡೇನವಮಿಯಂದು ಟ್ರ್ಯಾಕ್ಟರ್, ಪಂಪ್‌ಸೆಟ್ಟುಗಳ ಜೊತೆ ರೋಬೋಟನ್ನೂ ಪೂಜಿಸಿದರು. ಕುಂಕುಮ ಇಟ್ಟದ್ದು ಸರಿಯಾಗಿ ಕ್ಯಾಮೆರಾದ ಮೇಲೆ. ಮುಂದೆ ನಾಲ್ಕು ದಿನ ಆ ಮನೆಯ ಚಿತ್ರಗಳೆಲ್ಲ ಕೆಂಪು. ಒರೆಸಿ ಎಂದರೆ ಮನೆಯಾಕೆ ಒಪ್ಪಲಿಲ್ಲ. "ಪೂಜಾ ಮಾಡಿದ್ದ ಕುಂಕುಮ ಒರಸಬಾರದ್ರಿ ಬಾಯಾರ. ತಾನ ಉದರತೈತಿ, ತಡೀರಿ," ಎಂದಳು. ತಡೆದೆವು.

ಇಚಲಕರಂಜಿಯ ಮನೆಯನ್ನು ಮಾತ್ರ ನಾನೇ ಕೇಳಿ ತೆಗೆದುಕೊಂಡೆ. ನಾನು ಹುಟ್ಟಿದ್ದು ಆ ಊರಿನಲ್ಲಿ. ಅಪ್ಪ ಪವರ್‌ಲೂಮ್ ಶೆಡ್ಡಿನಲ್ಲಿ ಮಗ್ಗ ನಡೆಸುತ್ತಿದ್ದ. ಅದೇ ಶೆಡ್ಡಿನ ಮೂಲೆಯಲ್ಲಿ ಅವ್ವ ಕಾಂಡಿ ಸುತ್ತುತ್ತಿದ್ದಳು. ಲಾಳಿಯೊಳಗೆ ಕೂರಿಸುವ ನೂಲಿನ ಕಡ್ಡಿಗೆ ಅಲ್ಲಿ ಕಾಂಡಿ ಎನ್ನುತ್ತಾರೆ. ಶೆಡ್ಡಿನ ಹಿಂದಿನ ಒಂದೇ ಕೋಣೆಯಲ್ಲಿ ನಮ್ಮ ಸಂಸಾರ. ಮಗ್ಗದ ಸದ್ದಿನಲ್ಲೇ ನಾನು ಮಲಗಿದವಳು; ಕರೆಂಟು ಹೋಗಿ ಮಗ್ಗಗಳು ನಿಂತರೆ ಬೆಚ್ಚಿ ಎದ್ದು ಅಳುತ್ತಿದ್ದೆನಂತೆ. ನನಗೆ ಏಳು ತುಂಬುವ ಮೊದಲೇ ಅಪ್ಪ ತೀರಿಕೊಂಡ. ಅವ್ವ ನನ್ನನ್ನೂ ಅಕ್ಕನನ್ನೂ ಕರೆದುಕೊಂಡು ತನ್ನ ತವರು ಗಡಹಿಂಗ್ಲಜಕ್ಕೆ ಬಂದುಬಿಟ್ಟಳು. ಆಮೇಲೆ ಆ ಊರಿನ ಕಡೆ ನಾವು ತಿರುಗಿ ನೋಡಿರಲಿಲ್ಲ.

ಮೊದಲ ದಿನ ಬಸ್ಸಿಳಿದು ಓಣಿಯೊಳಗೆ ಕಾಲಿಟ್ಟಾಗ ಖಟಕ್ ಖಟಕ್ ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ತಾಕಿತು. ಪಾಳಿ ಬಿಟ್ಟವರು ಸೈಕಲ್ಲುಗಳ ಮೇಲೆ ಎದುರು ಬರುತ್ತಿದ್ದರು, ತಲೆಗೂದಲಲ್ಲಿ, ಹುಬ್ಬಿನಲ್ಲಿ ಹತ್ತಿಯ ಪುಡಿ. ಅಪ್ಪ ಮನೆಗೆ ಬರುವಾಗ ಹಾಗೇ ಇರುತ್ತಿದ್ದ. ನಾನು ನಡುಬೀದಿಯಲ್ಲಿ ಪೆಚ್ಚಾಗಿ ನಿಂತೆ. ಹಿಂದಿನಿಂದ ಬಂದ ಮೋಟರ್‌ಸೈಕಲ್ಲಿನವನು ಮರಾಠಿಯಲ್ಲಿ ಚೆನ್ನಾಗಿ ಬೈದ ಮೇಲೆ ಪಕ್ಕಕ್ಕೆ ಸರಿದೆ.

ನಾನು ಹೋದ ಮನೆಯ ಅಜ್ಜನೂ ನಲವತ್ತು ವರ್ಷ ಮಗ್ಗ ನಡೆಸಿದವನು. ಹೆಂಡತಿ ತೀರಿಕೊಂಡಿದ್ದಳು. ಮಗ ಹಗಲು ಪಾಳಿಗೆ ಹೋಗುತ್ತಿದ್ದ. ಮನೆಯಲ್ಲಿ ಅಜ್ಜನ ಜೊತೆ ಇರುತ್ತಿದ್ದವಳು ಸೊಸೆ, ಉದಗಾಂವದ ಹುಡುಗಿ, ಒಳ್ಳೆಯವಳು. "ಮಾಂವನ ಕಿವಿ ಒಂದೀಟ ಮಂದ ಅದಾವ್ರಿ. ಎದರಿಗೆ ನಿಂತ ಜೋರಾಗಿ ಅಂದ್ರ ಕೇಳತಾವ," ಎಂದಳು. ನಾನು ಮೂರು ಪ್ರಶ್ನೆಗಳನ್ನೂ ಒಂದು ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅಜ್ಜನಿಗೆ ಕೊಟ್ಟೆ. ಅವನು ಓದಿ, ತಲೆಯಾಡಿಸಿ, ಮಡಿಚಿ ಜೇಬಿಗಿಟ್ಟುಕೊಂಡ. ರೋಬೋಟಿನ ದನಿಯನ್ನು ಪೂರ್ತಿ ಏರಿಸಿ ಬಂದೆ. ಎರಡು ದಿನಕ್ಕೆ ನೆರೆಮನೆಯವರು ತಕರಾರು ತೆಗೆದರು, ಸೊಸೆ ದನಿ ಇಳಿಸಿದಳು. ನನಗೆ ಅದು ಗೊತ್ತಾಗಿತ್ತು, ಇರಲಿ ಬಿಡು ಎಂದುಕೊಂಡೆ.

ಚಿತ್ರಗಳು ಬರತೊಡಗಿದವು. ಅಜ್ಜ ಸ್ನಾನ ಮಾಡಿ, ತಲೆ ಬಾಚಿ, ಕಬ್ಬಿಣದ ಕುರ್ಚಿಯಲ್ಲಿ ಕಾಯುತ್ತಿದ್ದ. ರೋಬೋಟ್ ಬಂದು ಬಾಯಿ ತೆರೆದು ಮುಚ್ಚುತ್ತಿತ್ತು. ಅಜ್ಜ ಅದರ ಮುಖವನ್ನೇ ಗಮನವಿಟ್ಟು ನೋಡುತ್ತಿದ್ದ. ಒಂದು ಮಾತೂ ಆಡುತ್ತಿರಲಿಲ್ಲ. ಬದಲಿಗೆ ಒಂದು ಅಂಗೈಯ ಮೇಲೆ ಇನ್ನೊಂದು ಅಂಗೈ ಇಟ್ಟು ಮುಂದಕ್ಕೆ ಜಾರಿಸುತ್ತಿದ್ದ. ಸ್ವಲ್ಪ ತಡೆದು ಕೈಯನ್ನು ಗಾಳಿಯಲ್ಲಿ ಅಡ್ಡಡ್ಡ ಆಡಿಸುತ್ತಿದ್ದ. ಮತ್ತೆ ತಡೆದು, ಎಡ ಅಂಗೈಯನ್ನು ಬಲ ಹೆಬ್ಬೆರಳಿನಿಂದ ಒತ್ತುತ್ತಿದ್ದ. ರೋಬೋಟ್ ಉತ್ತರಕ್ಕೆ ಕಾದು ಕಾದು ಹಿಂದೆ ಸರಿಯುತ್ತಿತ್ತು. ನಾನು ಬರೆದೆ: "ಉತ್ತರ ಇಲ್ಲ. ಉದ್ದೇಶವಿಲ್ಲದ ಕೈಚಲನೆ." ಮೂರನೆಯ ದಿನದಿಂದ ಬರೆಯುವ ಶ್ರಮವೂ ಬೇಡವೆಂದು ಹಿಂದಿನ ದಿನದ ಸಾಲನ್ನೇ ನಕಲು ಮಾಡಿ ಅಂಟಿಸತೊಡಗಿದೆ.

ಹತ್ತನೆಯ ದಿನ ಆ ಮನೆಗೆ ಹೋದಾಗ ಸೊಸೆ ಬಾಗಿಲಲ್ಲೇ ಹಿಡಿದಳು. "ಮಾಂವ ಒಬ್ಬರ ಕುಂತ ಕೈ ಆಡಸ್ತಾರ್ರಿ ಅಕ್ಕಾರ. ಆ ಮಷಿನ್ ಬಂದಾಗಿಂದ ಭಾಳ ಆಗೈತಿ. ಮಿರಜಕ್ಕ ತಲಿ ಡಾಕ್ಟರ್ ಕಡೆ ಕರಕೊಂಡ ಹೋಗೂಣು ಅನ್ನಾಕತ್ತಾರ ಇವರು. ಹುಚ್ಚಂತೂ ಅಲ್ಲಲ್ರಿ ಇದು?" ಅವಳ ಕಣ್ಣಲ್ಲಿ ನೀರಿತ್ತು.

ನನ್ನ ಕೈಯಲ್ಲಿ ಫಾರ್ಮಿತ್ತು. ಫಾರ್ಮು ಕೈಯಲ್ಲಿದ್ದರೆ ಮನುಷ್ಯನಿಗೆ ಎಲ್ಲಿಲ್ಲದ ಬುದ್ಧಿ ಬರುತ್ತದೆ. "ವಯಸ್ಸಾದ ಮ್ಯಾಲ ಹಿಂಗ ಆಗತೈತಿ ತಂಗಿ," ಎಂದೆ. "ತಲಿ ಹಿಡತಾ ತಪ್ಪಿರಬೇಕು. ಅಂವಗ ಏನೂ ತಿಳಿಯಂಗಿಲ್ಲ ಈಗ. ತೋರಸೂದ ಚಲೋ." ಅಜ್ಜ ನಾಲ್ಕು ಮಾರು ದೂರದಲ್ಲಿ ಕುರ್ಚಿಯ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದ. ಕಿವಿ ಕೇಳದವರ ಎದುರು ಯಾರು ದನಿ ತಗ್ಗಿಸುತ್ತಾರೆ? ನಾವೂ ತಗ್ಗಿಸಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಅಜ್ಜನ ಕೈಗಳು ಬೇರೆ ಏನೋ ಮಾಡತೊಡಗಿದವು. ಮೊದಲನೆಯದೂ ಮೂರನೆಯದೂ ಹಾಗೇ ಇದ್ದವು. ನಡುವಿನದು ಬದಲಾಗಿತ್ತು. ಅಂಗೈಯನ್ನು ಎದೆಗೆ ಇಟ್ಟು, ತಟ್ಟನೆ ಕಿತ್ತುಕೊಂಡು ಬೆರಳು ಕೊಡವುತ್ತಿದ್ದ. ಆಮೇಲೆ ಮುಷ್ಟಿ ಕಟ್ಟಿ ಗಾಳಿಯಲ್ಲಿ ತಿರುಗಿಸುತ್ತಿದ್ದ. ಒಮ್ಮೆಯಲ್ಲ, ಎರಡು ಮೂರು ಸಲ. ರೋಬೋಟಿಗೆ ತಿಳಿಯಲಿಲ್ಲವೆಂದು ಕಂಡರೆ ಇನ್ನೂ ನಿಧಾನವಾಗಿ, ಸಣ್ಣ ಮಕ್ಕಳಿಗೆ ಕಲಿಸುವ ಹಾಗೆ ಮಾಡಿ ತೋರಿಸುತ್ತಿದ್ದ. ಅದೇ ಹೊತ್ತಿಗೆ ಪಟ್ಟಿಯ ನಾಡಿ ಲೆಕ್ಕವೂ ಏರುಪೇರಾಗತೊಡಗಿತು. ಪಟ್ಟಿ ಸಡಿಲವಾಗಿರಬೇಕು ಎಂದರು ಯಂತ್ರ ನೋಡಿಕೊಳ್ಳುವವರು. ನಾನು ಸೊಸೆಗೆ ಫೋನು ಮಾಡಿ ಒಂದು ತೂತು ಬಿಗಿ ಮಾಡಿಸಿದೆ. ಫಾರ್ಮಿನಲ್ಲಿ ಅದೇ ಹಳೆಯ ಸಾಲು ಅಂಟಿಸಿದೆ. ಒಂಬತ್ತು ದಿನ ಹೀಗೆ ನಡೆಯಿತು.

ಶನಿವಾರ ಮೇಡಂ ಕರೆದರು. "ಆ ಮನೆಯಿಂದ ಏನೂ ಬರುತ್ತಿಲ್ಲ. ಸೋಮವಾರ ಹೋಗಿ ರೋಬೋಟ್ ತಂದುಬಿಡಿ, ಬೇರೆ ಮನೆ ನೋಡೋಣ," ಎಂದರು. ಸೊಸೆಯೂ ಫೋನಿನಲ್ಲಿ ಹೇಳಿದ್ದಳು, ಮಂಗಳವಾರ ಮಿರಜದ ತಲೆ ಡಾಕ್ಟರರ ಹತ್ತಿರ ಹೋಗುವುದು ನಿಗದಿಯಾಗಿದೆ ಎಂದು. ಎಲ್ಲ ಸರಿಹೋಯಿತು ಎಂದು ನಾನು ಭಾನುವಾರ ಗಡಹಿಂಗ್ಲಜಕ್ಕೆ ಹೊರಟೆ. ಅವ್ವ ಅಲ್ಲಿ ಅಕ್ಕನ ಮನೆಯಲ್ಲಿರುತ್ತಾಳೆ.

ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಬಿಸಿ ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ. ಅಕ್ಕನನ್ನು ನಗಿಸುವುದು ನನಗೆ ಚಿಕ್ಕಂದಿನಿಂದ ಬಂದ ಚಟ. ಜೈನ ಅಜ್ಜಿಯ ಕಥೆ ಹೇಳಿದೆ, ಕುಂಕುಮದ ಕಥೆ ಹೇಳಿದೆ. ಅಕ್ಕ ನೀರು ಕುಡಿಯಲಾಗದೆ ಕೆಮ್ಮಿದಳು. ಇನ್ನೂ ನಗಿಸೋಣ ಎಂದು ಇಚಲಕರಂಜಿಯ ಅಜ್ಜನ ಅಣಕಕ್ಕೆ ಇಳಿದೆ: ರೋಬೋಟ್ ಬಾಯಿ ಆಡಿಸುತ್ತದೆ, ಮಂದ ಕಿವಿಯ ಅಜ್ಜನಿಗೆ ದನಿ ಕೇಳುವುದಿಲ್ಲ, ಸುಮ್ಮನೆ ಕೈ ಆಡಿಸುತ್ತಾನೆ ಎಂದೆ. ಹೆಸರು, ಓಣಿ ಹೇಳಲಿಲ್ಲ, ಅಷ್ಟು ನಿಯಮ ಪಾಲಿಸಿದೆ. ಬೆನ್ನು ಸೆಟೆಸಿ ಕೂತು, ಕಣ್ಣು ಅಗಲ ಮಾಡಿ, ಅಂಗೈ ಜಾರಿಸಿ, ಎದೆ ಮುಟ್ಟಿ ಕೈ ಕಿತ್ತುಕೊಂಡು, ಮುಷ್ಟಿ ತಿರುಗಿಸಿ, ಎಲ್ಲವನ್ನೂ ಅವನ ಹಾಗೇ ಮಾಡಿದೆ.

ಅಕ್ಕ ನಕ್ಕಳು. ಅವ್ವ ನಗಲಿಲ್ಲ. ರೊಟ್ಟಿ ಮುರಿಯುತ್ತಿದ್ದ ಅವಳ ಕೈ ಹಾಗೇ ನಿಂತಿತ್ತು.

"ಇನ್ನೊಮ್ಮೆ ಮಾಡು," ಎಂದಳು.

ಮಾಡಿದೆ.

"ಏನ್ ದಗಡ, ಕಲ್ಲ ಇದ್ದೀ ನೀ," ಎಂದಳು ಅವ್ವ. "ಅಂವ ಎದಿ ಸುಡಾಕತ್ತೈತಿ ಅನ್ನಾಕತ್ತಾನ. ಜಾಬರ್‌ನ ಕರೀ ಅನ್ನಾಕತ್ತಾನ."

ಜಾಬರ್ ಎಂದರೆ ಕೆಟ್ಟ ಮಗ್ಗವನ್ನು ರಿಪೇರಿ ಮಾಡುವವನು. ಕಾಯ್ದ ಮೋಟರು ಮುಟ್ಟಿದವರು ಕೈ ಕಿತ್ತುಕೊಳ್ಳುವ ಹಾಗೆ ಮಾಡಿದರೆ ಸುಡುತ್ತಿದೆ ಎಂದರ್ಥ. ಮುಷ್ಟಿ ತಿರುಗಿಸುವುದು ಪಾನಾ ಹಿಡಿದು ನಟ್ಟು ಬಿಗಿಯುವುದು, ಅದು ಜಾಬರ್. ಅಂಗೈ ಜಾರಿಸಿದರೆ ಅರಿವೆ ಸರಾಗ ಇಳಿಯುತ್ತಿದೆ, ಎಲ್ಲ ಚಲೋ ಇದೆ; ರಾತ್ರಿ ನಿದ್ದೆ ಬಂದಿದೆ. ಮೊದಲ ದಿನಗಳಲ್ಲಿ ಕೈ ಅಡ್ಡಡ್ಡ ಆಡಿಸಿದ್ದು ನೋವಿಲ್ಲ ಎಂದು. ಹೆಬ್ಬೆರಳು ಒತ್ತಿದರೆ ಲಾಳಿಯೊಳಗೆ ಕಾಂಡಿ ಕೂರಿಸಿಯಾಯಿತು, ಗುಳಿಗೆ ನುಂಗಿಯಾಗಿದೆ. ಮಗ್ಗದ ಗದ್ದಲದಲ್ಲಿ ಪಕ್ಕದವನ ಕೂಗೂ ಕೇಳುವುದಿಲ್ಲ. ಶೆಡ್ಡಿನವರು ಕೈಯಲ್ಲೇ ಮಾತಾಡುತ್ತಿದ್ದರು.

"ಆ ಮಷಿನ್ ಬಾಯಿ ಆಡಸತೈತಿ, ದನಿ ಕೇಳಂಗಿಲ್ಲ ಅಂದೆಲ್ಲ. ಮತ್ತ ಅಂವ ಅದನ್ನ ಶೆಡ್ಡಿನ್ಯಾಗಿನ ಮನಿಷ್ಯಾ ಅಂತ ತಿಳಕೊಂಡಾನ," ಎಂದಳು ಅವ್ವ. "ಮೊದಲ ಫೋನ್ ಹಚ್ಚು. ಉಣ್ಣೂದು ಆಮ್ಯಾಲ."

ಎಂಜಲು ಕೈಯಲ್ಲೇ ಸೊಸೆಗೆ ಫೋನು ಮಾಡಿದೆ. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಫೋನು ಹಿಡಿದುಕೊಂಡೇ ಅಜ್ಜನ ಎದುರು ಹೋಗಿ "ಎದಿ ಸುಡತೈತೇನ್ರಿ ಮಾಂವ?" ಎಂದು ಕೂಗಿದ್ದು ಕೇಳಿಸಿತು. ಆಮೇಲೆ ಅವಳು ಅಳುತ್ತ, "ಹೌದಂತ್ರಿ," ಎಂದಳು. ಅಂದು ಮಗ ಮನೆಯಲ್ಲಿದ್ದ. ಅರ್ಧ ಗಂಟೆಯಲ್ಲಿ ಅಜ್ಜನನ್ನು ಗಾಡಿಯಲ್ಲಿ ಕೂರಿಸಿ ಮಿರಜಕ್ಕೆ ಹೊರಟರು.

ನಾವು ಫೋನಿನ ಎದುರು ಕೂತೆವು. ಆ ಮಧ್ಯಾಹ್ನವನ್ನು ನಾನು ಮರೆಯಲಾರೆ. ಮುದುಕ ಉಳಿಯುತ್ತಾನೋ ಇಲ್ಲವೋ ಎಂಬ ಹೆದರಿಕೆ ಒಂದು ಕಡೆ. ಇನ್ನೊಂದು ಕಡೆ, ಮೂವತ್ತೈದು ವರ್ಷ ಎಲ್ಲೋ ಬಿದ್ದಿದ್ದ ನನ್ನ ಅಪ್ಪ ಎದ್ದು ಬಂದಿದ್ದ. ಪಾಳಿ ಮುಗಿಸಿ ಬಂದವನಿಗೆ ಒಂದು ತಾಸು ನಮ್ಮ ದನಿ ಕೇಳುತ್ತಿರಲಿಲ್ಲ. ಉಣ್ಣುವಾಗ ಅವನೂ ಅವ್ವನೂ ನಮ್ಮ ತಲೆಯ ಮೇಲಿಂದ ಕೈಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಪಲ್ಯ ರುಚಿಯಾಗಿದ್ದರೆ ಅಪ್ಪ ಅಂಗೈ ಮೇಲೆ ಅಂಗೈ ಜಾರಿಸುತ್ತಿದ್ದ. ಅದು ನನಗೆ ಗೊತ್ತಿತ್ತು! ನಾನೂ ಹಾಗೆ ಮಾಡಿ ಇನ್ನೊಂದು ತುಣುಕು ಬೆಲ್ಲ ಗಿಟ್ಟಿಸುತ್ತಿದ್ದೆ. ಶೆಡ್ಡಿನ ಬಾಗಿಲಲ್ಲಿ ನಿಂತು ಅಪ್ಪನಿಗೆ ಊಟ ಬಂತೆಂದು ಕೈಯಲ್ಲೇ ಹೇಳುತ್ತಿದ್ದವಳು ನಾನು. ಗಡಹಿಂಗ್ಲಜದಲ್ಲಿ ಆ ಮಾತಾಡಲು ಯಾರೂ ಇರಲಿಲ್ಲ. ಅವ್ವ ಆಡಲಿಲ್ಲ, ನಾವು ಮರೆತೆವು.

"ಒಬ್ಬೊಬ್ಬರಿಗೆ ಒಂದೊಂದ ಗುರ್ತ ಇತ್ತು," ಎಂದಳು ಅವ್ವ, ಫೋನಿನ ಮೇಲಿನ ಕಣ್ಣು ತೆಗೆಯದೆ. ಬಲಗಿವಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದಳು. "ಇದು ನಿಮ್ಮಪ್ಪ." ಅಕ್ಕನೂ ನಾನೂ ಒಬ್ಬರ ಮುಖ ಒಬ್ಬರು ನೋಡಿ ಅತ್ತೆವು.

ಸಂಜೆ ಸುದ್ದಿ ಬಂತು. ಹೃದಯದ ಎರಡು ರಕ್ತನಾಳ ಕಟ್ಟಿದ್ದವಂತೆ, ಸ್ಟೆಂಟ್ ಹಾಕಿದರಂತೆ, ಅಜ್ಜ ಉಳಿದನಂತೆ. ಇಷ್ಟು ದಿನ ಯಾರಿಗೂ ಹೇಳಲಿಲ್ಲವೇ ಎಂದು ಡಾಕ್ಟರು ಮನೆಯವರಿಗೆ ಬೈದರಂತೆ. ಅವನು ಒಂಬತ್ತು ದಿನ ಹೇಳಿದ್ದ. ನಾನು ಒಂಬತ್ತು ದಿನ ನೋಡಿದ್ದೆ.

ಸೋಮವಾರ ಮೇಡಂಗೆ ಎಲ್ಲವನ್ನೂ ಹೇಳಿದೆ. ಅವರು ಆ ಚಿತ್ರಗಳನ್ನು ತೆರೆದರು, ಇಬ್ಬರೂ ಒಂದೊಂದಾಗಿ ನೋಡಿದೆವು. ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನಾನು ಬರೆದದ್ದನ್ನು ಅಳಿಸಲೇ ಎಂದು ಕೇಳಿದೆ. "ಬೇಡ. ಅದು ಅಲ್ಲೇ ಇರಲಿ. ಕೆಳಗೆ ಸರಿಯಾದದ್ದನ್ನು ಬರೆಯಿರಿ," ಎಂದರು. ಆ ಒಂಬತ್ತು ದಿನಗಳ ಪ್ರತಿ ಸಾಲಿನ ಕೆಳಗೂ ಅಜ್ಜ ಹೇಳಿದ್ದನ್ನು ಬರೆದೆ. ಈ ಸಲ ನಕಲು ಮಾಡಿ ಅಂಟಿಸಲಿಲ್ಲ, ಒಂಬತ್ತು ಸಲವೂ ಕೈಯಾರೆ ಬರೆದೆ. ರೋಬೋಟ್ ಅಲ್ಲೇ ಉಳಿಯಿತು.

ಒಂದು ತಿಂಗಳ ಮೇಲೆ ಅಜ್ಜನನ್ನು ನೋಡಲು ಹೊರಟಾಗ ಅವ್ವ ತಾನೂ ಬರುತ್ತೇನೆಂದಳು. ಬಸ್ಸಿನಲ್ಲಿ ಸುಮ್ಮನೆ ಕೂತಿದ್ದವಳು ಇಚಲಕರಂಜಿಯ ಓಣಿ ಬಂದೊಡನೆ ಚುರುಕಾದಳು. ಇಲ್ಲಿ ಚಹಾದ ಗಾಡಿ ಇತ್ತು, ಇಲ್ಲಿ ನಿನ್ನ ಕಾಲಿಗೆ ಮೊಳೆ ಚುಚ್ಚಿತ್ತು ಎಂದು ತೋರಿಸುತ್ತ ನನಗಿಂತ ಮುಂದೆ ನಡೆದಳು.

ಅಜ್ಜ ಬಡವಾಗಿದ್ದ, ಆದರೆ ತಲೆ ಬಾಚಿಕೊಂಡೇ ಕೂತಿದ್ದ. ಅವ್ವ ಅವನ ಎದುರು ನಿಂತು ಕೈ ಎತ್ತಿದಳು. ಒಂದು ಕ್ಷಣ ಅವನು ನಂಬಲಿಲ್ಲ. ಆಮೇಲೆ ಅವನ ಕೈಗಳೂ ಎದ್ದವು. ಅರ್ಧ ಗಂಟೆ ಇಬ್ಬರೂ ಒಂದು ಸದ್ದಿಲ್ಲದೆ ಮಾತಾಡಿದರು. ಯಾವ ಶೆಡ್ಡು, ಯಾವ ಮಾಲಕ, ಯಾರು ಸತ್ತರು, ಯಾರು ಊರು ಬಿಟ್ಟರು. ನನಗೆ ಅಲ್ಲೊಂದು ಇಲ್ಲೊಂದು ತಿಳಿಯಿತು. ಇಬ್ಬರೂ ಒಮ್ಮೆಲೇ ನಕ್ಕಾಗ ಏನು ಎಂದು ಕೇಳಿದೆ, ಅವ್ವ ಹೇಳಲಿಲ್ಲ. ಅವಳ ಕೈಗಳಿಗೆ ಇಷ್ಟು ಮಾತು ಬರುತ್ತದೆಂಬುದನ್ನೇ ನಾನು ಮರೆತುಬಿಟ್ಟಿದ್ದೆ. ಇಷ್ಟು ವರ್ಷ ನಾವು ಅವಳನ್ನು ಮೂಕಿ ಮಾಡಿ ಇಟ್ಟಿದ್ದೆವಲ್ಲ ಅನಿಸಿತು.

ಸೊಸೆ ಚಹಾ ತಂದಿಟ್ಟಳು. ಅಷ್ಟರಲ್ಲಿ ಅವ್ವ ಏನೋ ಕೇಳಿದಳು. ಅಜ್ಜ ಬಾಗಿಲ ಕಡೆ ಬೆರಳು ತೋರಿಸಿದ. ಆಮೇಲೆ ನನ್ನ ಕಡೆ, ಸೊಸೆಯ ಕಡೆ. ಅವ್ವನ ಮುಖ ಸಪ್ಪಗಾಯಿತು.

"ಮನ್ಯಾಗ ಯಾಕ ಹೇಳಲಿಲ್ಲ ಅಂತ ಕೇಳಿದೆ," ಎಂದಳು ನನಗೆ. "ಬಾಗಲದಾಗ ನಿಂತ ನೀವಿಬ್ಬರೂ ಮಾತಾಡಿದ್ದು ನೋಡಿದ್ನಂತ."

"ನೋಡಿದ್ನಂತ ಅಂದ್ರ?"

"ಶೆಡ್ಡಿನ್ಯಾಗ ದುಡದಾವರು ಕೈ ಅಷ್ಟ ನೋಡಂಗಿಲ್ಲವಾ, ತುಟಿನೂ ನೋಡತಾರ. ತಲಿ ಹಿಡತಾ ತಪ್ಪೈತಿ, ಏನೂ ತಿಳಿಯಂಗಿಲ್ಲ ಅಂದೆಂತ ನೀ. ಇನ್ನ ಎದಿ ಸುಡತೈತಿ ಅಂತ ಹೇಳಿದ್ರ ಅದನ್ನೂ ಹುಚ್ಚಂತಾರ ಅಂತ ಸುಮ್ಮನಾದ್ನಂತ. ಆ ಮಷಿನ್ ಒಂದ ಅವನ ಬಗ್ಗೆ ಏನೂ ಅಂದಿರಲಿಲ್ಲಂತ. ಹಿಂಗಾಗಿ ಅದರ ಮುಂದ ಹೇಳಿದ್ನಂತ."

ಸೊಸೆ ಅಲ್ಲೇ ಗೋಡೆಗೆ ಆತು ಕೂತುಬಿಟ್ಟಳು. ನನಗೆ ಅರಿವಿಲ್ಲದೆ ಓಢಣಿಯಿಂದ ಬಾಯಿ ಮುಚ್ಚಿಕೊಂಡಿದ್ದೆ. ನಾಚಿಕೆಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಆಮೇಲೆ ಹೊಳೆಯಿತು, ಬಾಯಿ ಮುಚ್ಚಿಕೊಂಡರೆ ಅವನಿಗೆ ನನ್ನ ಮಾತು ಕಾಣುವುದಿಲ್ಲ. ಓಢಣಿ ತೆಗೆದೆ. ಅವನ ಕುರ್ಚಿಯ ಎದುರು ನೆಲದ ಮೇಲೆ ಕೂತು, ಮುಖದ ಮೇಲೆ ಬೆಳಕು ಬೀಳುವಂತೆ ಬಾಗಿಲ ಕಡೆ ತಿರುಗಿ, "ತಪ್ಪಾತ್ರಿ ಅಜ್ಜಾ," ಎಂದೆ.

ಅವನು ನನ್ನ ತುಟಿಗಳನ್ನೇ ನೋಡುತ್ತಿದ್ದ. ಇನ್ನೊಮ್ಮೆ ಹೇಳು ಎಂದು ಬೆರಳಾಡಿಸಿದ. ಹೇಳಿದೆ.